ಒಡಲೊಳಗಿನ ದೂತ

ಅಂಗಾಲಿಗೆ ಚುಚ್ಚಿದ ಮುಳ್ಳು ಕೀವುಗಟ್ಟಿದರೆ ಒಂದೆರಡು ದಿನಗಳಲ್ಲಿ ತೊಡೆಯ ಸಂದಿನಲ್ಲಿ ನೋಯುವ ಗಂಟೊಂದು ಏಳುವುದನ್ನು ನಾವೆಲ್ಲರೂ ಬಲ್ಲೆವು. ಕೈಬೆರಳಿಗೆ ಗಾಯವಾದರೆ ಆ ಗಂಟು ಕಂಕುಳಲ್ಲಿ ಏಳುತ್ತದೆ. ಹಲ್ಲು ಹುಳುಕಾದರೆ ಗದ್ದದ ಕೆಳಗೆ. ಮನೆಯ ಹಿರಿಯರು ಅದನ್ನು ಮುಟ್ಟಿ ನೋಡಿ, ‘ಗಾಯದ ನಂಜು ಏರಿದೆ’ ಎಂದು ಹೇಳಿ, ಬಿಸಿನೀರಿನ ಶಾಖ ಕೊಡುವರು. ಗಾಯ ಮಾಯುತ್ತ ಬಂದಂತೆ ಗಂಟೂ ಇಳಿದುಹೋಗುವುದು. ಎಲ್ಲರೂ ಅದನ್ನು ಮರೆಯುವರು. ಆದರೆ ಮುಳ್ಳು ಚುಚ್ಚಿದ್ದು ಅಂಗಾಲಿಗೆ. ಊದಿಕೊಂಡದ್ದು ಅದಕ್ಕಿಂತ ಎರಡು ಮೊಳ ಮೇಲಿರುವ ಜಾಗ. ಅಲ್ಲಿಯ ಸುದ್ದಿಯನ್ನು ಇಲ್ಲಿಗೆ ತಂದವರು ಯಾರು?

ಈ ಪ್ರಶ್ನೆಗೆ ಸರಿಯಾದ ಉತ್ತರ ದೊರೆತು ಇನ್ನೂ ಬಹಳ ಕಾಲವಾಗಿಲ್ಲ. ಆ ಉತ್ತರವನ್ನು ಕಂಡುಕೊಂಡಾತನ ಕಥೆಯೂ ಉತ್ತರದಷ್ಟೇ ಕುತೂಹಲಕರವಾಗಿದೆ. ಈ ವಾರ ಎರಡನ್ನೂ ಹೇಳುತ್ತೇನೆ.

ಮೊದಲು ಆ ಗಂಟಿನ ವಿಚಾರ. ಅದು ಹೊಸದಾಗಿ ಹುಟ್ಟಿದ್ದಲ್ಲ. ಮೊದಲಿನಿಂದಲೂ ಅಲ್ಲಿಯೇ ಅವರೆಕಾಳಿನಂತೆ ಅಡಗಿ ಕುಳಿತಿದ್ದ ದುಗ್ಧಗ್ರಂಥಿ. ಇಂಥ ಗ್ರಂಥಿಗಳು ನಮ್ಮ ಮೈಯಲ್ಲಿ ಐನೂರಕ್ಕೂ ಮಿಕ್ಕಿ ಇವೆ. ಟಿ ಕೋಶಗಳೆಂಬ ಬಿಳಿಯ ರಕ್ತಕಣಗಳು ಗುಂಪುಗುಂಪಾಗಿ ಬಂದು ಇಲ್ಲಿ ತಂಗುತ್ತವೆ. ಅರ್ಧ ದಿನವೋ ಒಂದು ದಿನವೋ ಇದ್ದು, ಕೆಲಸವಿಲ್ಲವೆಂದು ಕಂಡರೆ ಮುಂದಿನ ಗ್ರಂಥಿಗೆ ಪಯಣ ಬೆಳೆಸುತ್ತವೆ. ವೈರಸ್ಸು ಹೊಕ್ಕ ಜೀವಕೋಶವನ್ನು ಹುಡುಕಿ ಕೊಲ್ಲುವವರು ಇವರೇ. ಪ್ರತಿಕಾಯಗಳನ್ನು ತಯಾರಿಸುವ ಇತರ ಕೋಶಗಳಿಗೆ ಅಪ್ಪಣೆ ಕೊಡುವವರೂ ಇವರೇ. ಆದರೆ ಒಂದೊಂದು ಟಿ ಕೋಶಕ್ಕೂ ಹುಟ್ಟಿನಿಂದ ಬಂದ ಒಂದೇ ಒಂದು ಬಗೆಯ ಗುರುತುಹಿಡಿಯುವ ಅಂಗವುಂಟು. ನಿರ್ದಿಷ್ಟವಾದ ಒಂದು ಶತ್ರುವಿನ ಒಂದು ತುಣುಕನ್ನು ಗುರುತಿಸಬಲ್ಲ ಟಿ ಕೋಶಗಳನ್ನು ಎಣಿಸಹೊರಟರೆ ಒಂದು ಲಕ್ಷದಲ್ಲಿಯೋ ಹತ್ತು ಲಕ್ಷದಲ್ಲಿಯೋ ಒಂದು ಸಿಕ್ಕೀತು. ಅಂಗಾಲಿನ ಮುಳ್ಳಿನ ಬಳಿಗೆ ಆ ಒಂದು ಕೋಶವೇ ಆಕಸ್ಮಿಕವಾಗಿ ಹೋಗಿ ಮುಟ್ಟುವುದೆಂದರೆ ಜಾತ್ರೆಯಲ್ಲಿ ಕಳೆದುಹೋದ ಮೂಗುಬೊಟ್ಟು ತಾನಾಗಿ ಮನೆಗೆ ಬಂದಂತೆ. ಆದ್ದರಿಂದ ಸುದ್ದಿಯೇ ಅವರು ನೆರೆದಿರುವ ಜಾಗಕ್ಕೆ ಬರಬೇಕು.

ಟಿ ಕೋಶಕ್ಕೆ ಇನ್ನೂ ಒಂದು ವಿಚಿತ್ರವಾದ ಮಿತಿಯುಂಟು. ಅದು ರೋಗಾಣುವನ್ನು ಇಡಿಯಾಗಿ ಕಾಣಲಾರದು. ಬ್ಯಾಕ್ಟೀರಿಯವೊಂದು ಪಕ್ಕದಲ್ಲಿಯೇ ತೇಲಿಹೋದರೂ ಅದಕ್ಕೆ ಗೊತ್ತಾಗುವುದಿಲ್ಲ. ಯಾರಾದರೂ ಆ ರೋಗಾಣುವನ್ನು ತುಂಡುಮಾಡಿ, ಅದರ ಪ್ರೋಟೀನಿನ ಒಂದು ಚೂರನ್ನು ಹರಿವಾಣದಲ್ಲಿಟ್ಟು ಮುಂದೆ ಹಿಡಿಯಬೇಕು. ರೋಗಾಣುವಿನ ಇಂಥ ಗುರುತಿಗೆ ಶಾಸ್ತ್ರಗ್ರಂಥಗಳಲ್ಲಿ ‘ಪ್ರತಿಜನಕ’ವೆಂಬ ಹೆಸರಿದೆ. ಹರಿವಾಣವೆಂದೆನಲ್ಲ, ಅದಕ್ಕೆ ವಿಜ್ಞಾನಿಗಳು ಇಟ್ಟಿರುವ ಹೆಸರು ಎಂ.ಎಚ್.ಸಿ. ಈ ಮೂರು ಅಕ್ಷರಗಳ ವಿಸ್ತಾರವನ್ನು ಹೇಳಿ ಓದುಗರಿಗೆ ಬೇಸರ ತರಿಸುವುದಿಲ್ಲ. ಒಬ್ಬರ ಚರ್ಮವನ್ನು ಇನ್ನೊಬ್ಬರಿಗೆ ಕಸಿಮಾಡಿದಾಗ ಅದು ಹತ್ತದೆ ಉದುರಿಹೋಗುವುದಕ್ಕೆ ಈ ಅಣುಗಳೇ ಕಾರಣವೆಂದು ಮೊದಲು ತಿಳಿದುಬಂದುದರಿಂದ ಆ ಹೆಸರು ಬಂದಿತು ಎಂದರೆ ಸಾಕು. ಆದರೆ ಪ್ರಕೃತಿ ಶಸ್ತ್ರವೈದ್ಯರನ್ನು ಕಾಡುವುದಕ್ಕಾಗಿ ಇವನ್ನು ಸೃಷ್ಟಿಸಿರಲಾರದಷ್ಟೆ! ಇವುಗಳ ನಿಜವಾದ ಉದ್ಯೋಗವನ್ನು ತೋರಿಸಿಕೊಟ್ಟವರು ಪೀಟರ್ ಡೋಹರ್ಟಿ ಎಂಬ ಆಸ್ಟ್ರೇಲಿಯದ ಪಶುವೈದ್ಯರು ಮತ್ತು ರಾಲ್ಫ್ ಜಿಂಕರ್ನಾಗೆಲ್ ಎಂಬ ಸ್ವಿಟ್ಜರ್ಲೆಂಡಿನ ವೈದ್ಯರು. ಇಬ್ಬರೂ 1973–74ರಲ್ಲಿ ಕ್ಯಾನ್‌ಬೆರಾದ ಪ್ರಯೋಗಶಾಲೆಯೊಂದರಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಸಿದ್ದರು. ಒಂದು ತಳಿಯ ಇಲಿಯ ಟಿ ಕೋಶ ಅದೇ ತಳಿಯ ಹರಿವಾಣದಲ್ಲಿಟ್ಟ ವೈರಸ್ಸಿನ ಚೂರನ್ನು ಮಾತ್ರ ಗುರುತಿಸಿತು. ಬೇರೆ ತಳಿಯ ಹರಿವಾಣದಲ್ಲಿ ಅದೇ ವೈರಸ್ಸನ್ನಿಟ್ಟರೂ ಕಣ್ಣೆತ್ತಿ ನೋಡಲಿಲ್ಲ. ಇದಕ್ಕಾಗಿ ಅವರಿಗೆ 1996ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. 1987ರಲ್ಲಿ ಪಮೇಲಾ ಬ್ಯೋರ್ಕ್‌ಮನ್ ಮತ್ತು ಅವರ ಸಂಗಡಿಗರು ಹಾರ್ವರ್ಡಿನಲ್ಲಿ ಎಕ್ಸ್‌ರೇ ಕಿರಣಗಳಿಂದ ಆ ಅಣುವಿನ ಆಕಾರವನ್ನು ಬಿಡಿಸಿದಾಗ, ಅದರ ನೆತ್ತಿಯಲ್ಲಿ ಕಾಲುವೆಯಂಥ ಒಂದು ತಗ್ಗೂ, ತಗ್ಗಿನಲ್ಲಿ ಸಿಕ್ಕಿಕೊಂಡಿದ್ದ ಏನೋ ಒಂದು ವಸ್ತುವೂ ಕಂಡವು. ಹರಿವಾಣ ಬರಿದಾಗಿರಲಿಲ್ಲ.

ಹರಿವಾಣಗಳಲ್ಲಿ ಎರಡು ಜಾತಿ. ಮೊದಲನೆಯದು ಹೆಚ್ಚುಕಡಿಮೆ ಮೈಯ ಎಲ್ಲ ಜೀವಕೋಶಗಳಲ್ಲಿಯೂ ಇದೆ. ತನ್ನ ಮನೆಯೊಳಗೆ ಏನು ಬೇಯುತ್ತಿದೆ ಎಂಬುದನ್ನು ಹೊರಬಾಗಿಲಲ್ಲಿ ತೋರಿಸುವುದು ಅದರ ಕೆಲಸ. ಎರಡನೆಯದು ಕೆಲವೇ ಕೋಶಗಳ ಸೊತ್ತು. ಹೊರಗಿನಿಂದ ನುಂಗಿ ತಂದ ಪದಾರ್ಥದ ಚೂರುಗಳನ್ನು ಅದರಲ್ಲಿ ಇಟ್ಟು ತೋರಿಸುತ್ತಾರೆ. ಸುದ್ದಿ ಒಯ್ಯುವವನಿಗೆ ಮುಖ್ಯವಾಗಿ ಬೇಕಾದುದು ಈ ಎರಡನೆಯದು.

ಹಾಗಾದರೆ ಆ ಸುದ್ದಿಗಾರ ಯಾರು? ಬಹುಕಾಲದವರೆಗೆ ಎಲ್ಲರ ಬೆರಳೂ ಒಬ್ಬನ ಕಡೆಗೇ ತೋರುತ್ತಿತ್ತು. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿ ಮೆಚ್ನಿಕಾಫ್ ಎಂಬ ರಷ್ಯದ ವಿಜ್ಞಾನಿ ನಕ್ಷತ್ರಮೀನಿನ ಮರಿಯ ಮೈಗೆ ಮುಳ್ಳು ಚುಚ್ಚಿ, ಅದರ ಸುತ್ತ ಮುತ್ತಿಕೊಂಡ ಭಕ್ಷಕ ಕೋಶಗಳನ್ನು ಕಂಡಿದ್ದರು. ಸಿಕ್ಕಿದ್ದನ್ನು ನುಂಗುವ ಈ ಮಹಾಭಕ್ಷಕನೇ ಟಿ ಕೋಶಕ್ಕೆ ಸುದ್ದಿಯನ್ನೂ ಕೊಡುತ್ತಾನೆ ಎಂದು ಪಂಡಿತರು ನಂಬಿದರು. ನಂಬುವುದಕ್ಕೆ ಸುಲಭವಾದ ಮಾತೇ. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದಲ್ಲಿ ಆ ಭಕ್ಷಕರನ್ನೇ ಕುರಿತು ಜೀವಮಾನವೆಲ್ಲ ಅಭ್ಯಾಸ ಮಾಡಿದ ಜಾನ್ವಿಲ್ ಕೋನ್ ಎಂಬ ಆಚಾರ್ಯರಿದ್ದರು. 1970ರಲ್ಲಿ ಅವರ ಬಳಿಗೆ ರಾಲ್ಫ್ ಸ್ಟೈನ್‌ಮನ್ ಎಂಬ ತರುಣ ವೈದ್ಯ ಶಿಷ್ಯವೃತ್ತಿಗೆ ಬಂದ. ಕೆನಡದ ಮಾಂಟ್ರಿಯಲ್ಲಿನಲ್ಲಿ 1943ರಲ್ಲಿ ಹುಟ್ಟಿದವನು. ಹಾರ್ವರ್ಡಿನಲ್ಲಿ ವೈದ್ಯಪದವಿ ಪಡೆದವನು. ಇಲಿಯ ಗುಲ್ಮದಿಂದ ತೆಗೆದ ಕೋಶಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿಟ್ಟು ನೋಡುತ್ತಿದ್ದಾಗ, ಭಕ್ಷಕರ ನಡುವೆ ಅಲ್ಲೊಂದು ಇಲ್ಲೊಂದು, ಯಾರ ಲೆಕ್ಕಕ್ಕೂ ಸೇರದ ಕೋಶಗಳು ಆತನ ಕಣ್ಣಿಗೆ ಬಿದ್ದವು. ಅವುಗಳಿಗೆ ಮರದ ಕೊಂಬೆಗಳಂಥ ಕವಲುಗಳು. ಆ ಕವಲುಗಳು ಒಂದು ಕ್ಷಣ ಚಾಚಿ ಮರುಕ್ಷಣ ಮಡಿಸಿಕೊಳ್ಳುತ್ತಿದ್ದವು. 1973ರಲ್ಲಿ ಗುರುಶಿಷ್ಯರಿಬ್ಬರೂ ಸೇರಿ ಅದನ್ನು ಪ್ರಕಟಿಸಿದರು. ಮರವೆಂಬರ್ಥದ ಗ್ರೀಕ್ ಮಾತಿನಿಂದ ಡೆಂಡ್ರೈಟಿಕ್ ಕೋಶವೆಂದು ಹೆಸರಿಟ್ಟರು. ನಾವು ಕನ್ನಡದಲ್ಲಿ ಕವಲುಕೋಶವೆನ್ನೋಣ. ಸಂಸ್ಕೃತದ ‘ಶಾಖಾಕೋಶ’ಕ್ಕಿಂತ ಇದೇ ನನ್ನ ಕಿವಿಗೆ ಹಿತವಾಗಿದೆ.

ಇಲ್ಲಿ ಒಂದು ಉಪಕಥೆಯುಂಟು. ಕವಲುಕೋಶವನ್ನು ಕಣ್ಣಾರೆ ಕಂಡವರಲ್ಲಿ ಸ್ಟೈನ್‌ಮನ್ ಮೊದಲಿಗರಲ್ಲ. 1868ರಲ್ಲಿಯೇ ಬರ್ಲಿನ್ನಿನಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ಇಪ್ಪತ್ತೊಂದು ವಯಸ್ಸಿನ ವಿದ್ಯಾರ್ಥಿ, ಮನುಷ್ಯನ ಚರ್ಮಕ್ಕೆ ಚಿನ್ನದ ಲವಣದ ಬಣ್ಣ ಹಾಕಿ ನೋಡಿದಾಗ ಈ ಕವಲುಗಳನ್ನು ಕಂಡಿದ್ದ. ನರಕೋಶದ ಹಾಗಿದ್ದುದರಿಂದ ನರಕೋಶವೆಂದೇ ಬಗೆದ. ಅದರ ಮರುವರ್ಷ ಮೇದೋಜೀರಕ ಗ್ರಂಥಿಯಲ್ಲಿರುವ ದ್ವೀಪದಂಥ ಕೋಶಸಮೂಹಗಳನ್ನೂ ಆತನೇ ಕಂಡುಹಿಡಿದ. ಸಕ್ಕರೆರೋಗದ ಇನ್ಸುಲಿನ್ ಹುಟ್ಟುವುದು ಅಲ್ಲಿಯೇ. ನಲವತ್ತೊಂದನೆಯ ವಯಸ್ಸು ಮುಟ್ಟುವ ಮುನ್ನವೇ ತೀರಿಕೊಂಡ ಆತನಿಗೆ ಈ ಎರಡರ ಮಹತ್ವವೂ ತಿಳಿಯಲಿಲ್ಲ. ಚರ್ಮದಲ್ಲಿ ಆತ ಕಂಡದ್ದು ಸುದ್ದಿಗಾರನನ್ನು ಎಂಬುದು ತಿಳಿಯಲು ನೂರು ವರ್ಷಗಳಿಗೂ ಹೆಚ್ಚು ಕಾಲ ಬೇಕಾಯಿತು.

ಸ್ಟೈನ್‌ಮನ್ನನ ಮಾತನ್ನು ಜನ ಒಡನೆ ಒಪ್ಪಲಿಲ್ಲ. ಗುಲ್ಮದಲ್ಲಿ ನೂರಕ್ಕೆ ಒಂದರಷ್ಟೂ ಇರಲಾರದ ಈ ಅಪರೂಪದ ಕೋಶಕ್ಕೆ ಅಷ್ಟೊಂದು ಹಿರಿಮೆಯೇ? ಭಕ್ಷಕನೇ ವೇಷ ಬದಲಿಸಿ ಬಂದಿರಬಾರದೇಕೆ? 1978ರಲ್ಲಿ ಆತ ಮಾರ್ಗರೆಟ್ ವಿಟ್ಮರ್ ಎಂಬ ಸಹಾಯಕಿಯೊಡನೆ ನಡೆಸಿದ ಪರೀಕ್ಷೆಯಲ್ಲಿ, ಲಿಂಫ್ ಕೋಶಗಳನ್ನು ಎಚ್ಚರಿಸುವ ಶಕ್ತಿ ಕವಲುಕೋಶಕ್ಕೆ ಇತರ ಕೋಶಗಳಿಗಿಂತ ನೂರು ಪಾಲಾದರೂ ಹೆಚ್ಚೆಂದು ಕಂಡಿತು. ಅನುಮಾನ ಆಗಲೂ ತೊಲಗಲಿಲ್ಲ. ಸುಮಾರು ಎರಡು ದಶಕಗಳ ಕಾಲ ಆತ ಬಹುಮಟ್ಟಿಗೆ ಪ್ರವಾಹದ ಎದುರಿಗೇ ಈಜಬೇಕಾಯಿತು.

ಭಕ್ಷಕನು ಏಕೆ ಒಳ್ಳೆಯ ಸುದ್ದಿಗಾರನಲ್ಲ? ಇದರ ಕಾರಣ ಬಹಳ ಸ್ವಾರಸ್ಯವಾಗಿದೆ. ಆತನ ಜಠರಾಗ್ನಿ ಅತಿ ಪ್ರಬಲ. ನುಂಗಿದ ರೋಗಾಣುವನ್ನು ಹೆಸರಿಲ್ಲದಂತೆ ಅರೆದು ಮುಗಿಸುತ್ತಾನೆ. ಕಳ್ಳನನ್ನು ಹಿಡಿದವನು ಕಳ್ಳನ ಜೊತೆಗೆ ಮಾಲನ್ನೂ ಸುಟ್ಟುಹಾಕಿದರೆ ನ್ಯಾಯಸ್ಥಾನದಲ್ಲಿ ಏನನ್ನು ತೋರಿಸುವುದು? ಕವಲುಕೋಶವಾದರೋ ಬೇಕೆಂದೇ ಮಂದಾಗ್ನಿಯನ್ನು ಇಟ್ಟುಕೊಂಡಿದೆ. ನುಂಗಿದ್ದನ್ನು ನಿಧಾನವಾಗಿ, ಅರೆಬರೆಯಾಗಿ ಕತ್ತರಿಸುತ್ತದೆ. ತೋರಿಸಲು ಯೋಗ್ಯವಾದ ಚೂರುಗಳು ಉಳಿಯುತ್ತವೆ.

ಆದರೆ ಅದರ ನಿಜವಾದ ಜಾಣತನ ಇರುವುದು ಬೇರೆ ಕಡೆ. ಕವಲುಕೋಶಕ್ಕೆ ಎರಡು ಆಶ್ರಮಗಳು. ಮೊದಲನೆಯದರಲ್ಲಿ ಅದು ಚರ್ಮದಲ್ಲಿ, ಶ್ವಾಸಕೋಶದಲ್ಲಿ, ಕರುಳಿನ ಗೋಡೆಯಲ್ಲಿ ಕವಲು ಚಾಚಿ ಕುಳಿತು ಸುತ್ತಲಿನ ದ್ರವವನ್ನು ಎಡೆಬಿಡದೆ ಸವಿಯುತ್ತಿರುತ್ತದೆ. ಆಗ ಅದು ತಿನ್ನುವುದರಲ್ಲಿ ನಿಪುಣ, ತೋರಿಸುವುದರಲ್ಲಿ ಸಂಕೋಚಗಾರ. ಎರಡನೆಯ ಜಾತಿಯ ಹರಿವಾಣಗಳಲ್ಲಿ ಬಹುಪಾಲನ್ನು ಒಳಕೋಣೆಯಲ್ಲಿ ಬಚ್ಚಿಟ್ಟಿರುತ್ತದೆ. ಒಂದೆರಡು ಹೊರಕ್ಕೆ ಬಂದರೂ ಅವನ್ನು ಬೇಗನೆ ಒಳಕ್ಕೆಳೆದು ಪುಡಿಮಾಡಿಬಿಡುತ್ತದೆ. ಅಪಾಯದ ಸುಳಿವು ತಗಲಿತೋ, ಅಂದಿಗೆ ಆಶ್ರಮ ಬದಲಾಯಿತು. ತಿನ್ನುವುದು ಕ್ರಮೇಣ ನಿಲ್ಲುತ್ತದೆ. ಒಳಕೋಣೆಯ ಹುಳಿ ಏರಿ ಚೂರುಗಳು ಸಿದ್ಧವಾಗುತ್ತವೆ. ಹರಿವಾಣಗಳು ತುಂಬಿಕೊಂಡು ಮೇಲ್ಮೈಗೆ ಬರುತ್ತವೆ. ಹಿಂದಕ್ಕೆಳೆಯುವ ಕೆಲಸವೂ ನಿಲ್ಲುವುದರಿಂದ ದಿನಗಟ್ಟಲೆ ಅಲ್ಲಿಯೇ ಉಳಿಯುತ್ತವೆ. ಜೊತೆಗೆ ದುಗ್ಧನಾಳದ ದಾರಿಯನ್ನು ಮೂಸಿ ಹಿಡಿಯುವ ಹೊಸದೊಂದು ಅಂಗ ಮೂಡುತ್ತದೆ. ಕೋಶ ಎದ್ದು ಹೊರಡುತ್ತದೆ. ಅಂಗಾಲಿನಿಂದ ತೊಡೆಯ ಸಂದಿಗೆ ಸುದ್ದಿ ತಲುಪುವುದು ಮುಖ್ಯವಾಗಿ ಹೀಗೆಯೇ. ಗ್ರಂಥಿಯನ್ನು ಮುಟ್ಟಿದ ಕವಲುಕೋಶ ಗಂಟೆಗೆ ನೂರಾರು ಟಿ ಕೋಶಗಳಿಗೆ ಕವಲು ತಾಗಿಸುತ್ತದೆ. ತಕ್ಕದ್ದು ಸಿಕ್ಕಿದಾಗ ಅದನ್ನು ಗಂಟೆಗಟ್ಟಲೆ ಹಿಡಿದು ನಿಲ್ಲಿಸುತ್ತದೆ. ಎಚ್ಚತ್ತ ಆ ಒಂದು ಕೋಶ ಕೆಲವು ದಿನಗಳಲ್ಲಿ ಸಾವಿರಾರಾಗಿ ಒಡೆಯುತ್ತದೆ. ಗಂಟು ಊದಿ ನೋಯುವುದೇಕೆಂದು ಈಗ ತಿಳಿಯಿತಲ್ಲವೇ? ಅದು ನಂಜು ಏರಿದ್ದಷ್ಟೇ ಅಲ್ಲ, ಸೇನೆ ಜಮಾವಣೆಯಾದದ್ದು.

ಇಷ್ಟು ಸಾಲದು. ಹರಿವಾಣದಲ್ಲಿ ಚೂರನ್ನು ಕಂಡಮಾತ್ರಕ್ಕೆ ಟಿ ಕೋಶ ಎಚ್ಚರಗೊಳ್ಳುವುದಿಲ್ಲ. ಸುಂದರಕಾಂಡವನ್ನು ನೆನೆದುಕೊಳ್ಳಿ. ಅಶೋಕವನದಲ್ಲಿ ಹನುಮಂತನನ್ನು ಕಂಡ ಸೀತೆಗೆ ಮೊದಲು ಹುಟ್ಟಿದ್ದು ಶಂಕೆ. ರಾವಣನೇ ರೂಪ ಮರೆಸಿಕೊಂಡು ಬಂದಿದ್ದರೆ? ಉಂಗುರವನ್ನು ಯಾರೂ ಕದ್ದು ತರಬಹುದು. ಹನುಮಂತನು ರಾಮನ ಕಥೆಯನ್ನೂ ಅವನ ಲಕ್ಷಣಗಳನ್ನೂ ಹೇಳಿ ನಂಬಿಕೆ ಹುಟ್ಟಿಸಿದನು, ಮುದ್ರೆಯುಂಗುರವನ್ನೂ ಕೊಟ್ಟನು. ಗುರುತೂ ಬೇಕು, ಅದರ ಜೊತೆಗೆ ಮಾತೂ ಬೇಕು. ಟಿ ಕೋಶವೂ ಸೀತೆಯಂತೆಯೇ. ಚೂರು ಮೊದಲನೆಯ ಗುರುತು; ಕವಲುಕೋಶದ ಮೈಮೇಲೆ ಅಪಾಯಕಾಲದಲ್ಲಿ ಹೇರಳವಾಗಿ ಮೂಡುವ ಬಿ-7 ಎಂಬ ಅಣುಗಳು ಎರಡನೆಯದು. ಎರಡೂ ಸೇರಿದರೆ ಯುದ್ಧ. ಎರಡನೆಯದು ಇಲ್ಲದೆ ಮೊದಲನೆಯದು ಮಾತ್ರ ಬಂದರೆ ಟಿ ಕೋಶ ಸುಮ್ಮನಿರುವುದು ಮಾತ್ರವಲ್ಲ, ಮುಂದೆಂದೂ ಆ ಚೂರಿಗೆ ಏಳದಂತೆ ಜಡವಾಗುತ್ತದೆ, ಇಲ್ಲವೇ ಸಾಯುತ್ತದೆ.

ಇದರಲ್ಲಿ ಎಂಥ ವಿವೇಕವಿದೆ ನೋಡಿ. ಕವಲುಕೋಶ ಶಾಂತಿಕಾಲದಲ್ಲಿಯೂ ಸವಿಯುತ್ತಲೇ ಇರುತ್ತದೆ. ಆಗ ಅದರ ಬಾಯಿಗೆ ಬೀಳುವುದು ನಮ್ಮದೇ ಸತ್ತ ಜೀವಕೋಶಗಳ ಚೂರು, ಉಂಡ ಅನ್ನದ ಚೂರು, ಕರುಳಿನಲ್ಲಿ ವಾಸವಾಗಿರುವ ನಿರುಪದ್ರವಿ ಸೂಕ್ಷ್ಮಜೀವಿಗಳ ಚೂರು. ಅದನ್ನೂ ಗ್ರಂಥಿಗೆ ಒಯ್ಯುತ್ತದೆ, ಆದರೆ ಎರಡನೆಯ ಗುರುತಿಲ್ಲದೆ. ಅಂದರೆ ‘ಇವರು ನಮ್ಮವರು, ಕೈಮಾಡಬೇಡಿ’ ಎಂದು ಹೇಳಿದಂತಾಯಿತು. ನಮ್ಮವರ ಮೇಲೆಯೇ ಹಾಯುವ ಟಿ ಕೋಶಗಳಲ್ಲಿ ಬಹುಪಾಲು ಎದೆಗೂಡಿನ ಥೈಮಸ್ ಗ್ರಂಥಿಯ ಪರೀಕ್ಷೆಯಲ್ಲಿಯೇ ಸಾಯುತ್ತವೆ. ಅಲ್ಲಿ ತಪ್ಪಿಸಿಕೊಂಡು ಬಂದವರಿಗೆ ಈ ಎರಡನೆಯ ತಡೆ. ಇದಲ್ಲದೆ ಶಾಂತಿಪಾಲಕ ಟಿ ಕೋಶಗಳೆಂಬ ಮತ್ತೊಂದು ವರ್ಗವೂ ಉಂಟು. ಅವು ಕವಲುಕೋಶದ ಮೈಯಿಂದ ಬಿ-7 ಅಣುಗಳನ್ನೇ ಕಿತ್ತುಕೊಂಡು ಅದರ ಬಾಯಿ ಕಟ್ಟಬಲ್ಲವು. ಆ ವರ್ಗವನ್ನು ಗುರುತಿಸಿದ ಜಪಾನಿನ ಶಿಮೋನ್ ಸಕಾಗುಚಿ ಮತ್ತು ಅಮೆರಿಕದ ಮೇರಿ ಬ್ರಂಕೋ, ಫ್ರೆಡ್ ರಾಮ್ಸ್‌ಡೆಲ್ ಇವರಿಗೆ 2025ರ ನೊಬೆಲ್ ಸಂದಿತು. ಈ ತಡೆಗಳೆಲ್ಲ ಮುರಿದುಬಿದ್ದಾಗ ಮೈ ತನ್ನ ಮೇಲೆಯೇ ದಂಡೆತ್ತಿ ಹೋಗುತ್ತದೆ. ಮಕ್ಕಳಿಗೆ ಬರುವ ಸಕ್ಕರೆರೋಗ ಅಂಥ ಒಂದು ಗೃಹಕಲಹ. ಲ್ಯಾಂಗರ್‌ಹಾನ್ಸನ ಆ ದ್ವೀಪಗಳೇ ಅಲ್ಲಿ ನಾಶವಾಗುವುದು.

ಅಪಾಯವೆಂದು ಕವಲುಕೋಶಕ್ಕೆ ತಿಳಿಯುವುದು ಹೇಗೆ? 1989ರಲ್ಲಿ ಚಾರ್ಲ್ಸ್ ಜೇನ್‌ವೇ ಎಂಬ ಅಮೆರಿಕದ ವಿಜ್ಞಾನಿ ತಮ್ಮ ಸಹೋದ್ಯೋಗಿಗಳಿಗೆ ಒಂದು ಮುಜುಗರದ ಪ್ರಶ್ನೆ ಹಾಕಿದರು. ಶುದ್ಧವಾದ ಪ್ರೋಟೀನನ್ನು ಮಾತ್ರ ಚುಚ್ಚಿದರೆ ಪ್ರಾಣಿಯ ಮೈ ಹೆಚ್ಚಾಗಿ ಏಳುವುದಿಲ್ಲ. ಸತ್ತ ಕ್ಷಯರೋಗಾಣುಗಳನ್ನೋ ಪಟಿಕದಂಥ ಲವಣವನ್ನೋ ಬೆರೆಸಿಯೇ ಎಲ್ಲರೂ ಪ್ರಯೋಗ ಮಾಡುತ್ತಾರೆ. ಅದೇಕೆಂದು ಯಾರೂ ವಿವರಿಸುವುದಿಲ್ಲ. ರೋಗಾಣುಗಳಿಗೆಲ್ಲ ಸಾಮಾನ್ಯವಾದ ಲಕ್ಷಣಗಳನ್ನು ಗುರುತಿಸುವ ಅಂಗಗಳು ನಮ್ಮ ಕೋಶಗಳಲ್ಲಿ ಇರಲೇಬೇಕೆಂದು ಅವರು ಊಹಿಸಿದರು. 1996ರಲ್ಲಿ ಜೂಲ್ ಹಾಫ್‌ಮನ್ನರ ತಂಡ ಹಣ್ಣಿನ ನೊಣದಲ್ಲಿಯೂ, 1998ರಲ್ಲಿ ಬ್ರೂಸ್ ಬ್ಯೂಟ್ಲರರ ತಂಡ ಇಲಿಯಲ್ಲಿಯೂ ಅವನ್ನು ಕಂಡುಹಿಡಿದವು. ಜೇನ್‌ವೇ 2003ರಲ್ಲಿ ತೀರಿಕೊಂಡರು. ಮಕ್ಕಳಿಗೆ ಹಾಕಿಸುವ ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯುಗಳ ಲಸಿಕೆಯಲ್ಲಿ ಅಲ್ಯೂಮಿನಿಯಮ್ಮಿನ ಲವಣವೊಂದು ಬೆರೆತಿರುತ್ತದೆ. ಇದರ ಉಪಯೋಗವನ್ನು 1926ರಲ್ಲಿಯೇ ಲಂಡನ್ನಿನ ಗ್ಲೆನಿ ಎಂಬಾತ ಪಟಿಕದಿಂದ ತೋರಿಸಿದ್ದ. ಲಸಿಕೆ ಹಾಕಿಸಿಕೊಂಡ ಕೂಸಿನ ತೋಳು ಕೆಂಪಾಗಿ ಊದಿದಾಗ ತಾಯಂದಿರು ಗಾಬರಿಯಾಗುವುದು ಸಹಜ. ಅಲ್ಲಿ ಕವಲುಕೋಶಕ್ಕೆ ಎರಡನೆಯ ಗುರುತನ್ನು ಕೊಡಿಸುವ ಏರ್ಪಾಡು ನಡೆದಿದೆಯೆಂದು ತಿಳಿದರೆ ಒಂದಿಷ್ಟು ಸಮಾಧಾನವಾದೀತು.

ಇನ್ನು ಕ್ಯಾನ್ಸರ್. ಅದು ಹೊರಗಿನ ಶತ್ರುವಲ್ಲ. ಮನೆಯವನೇ ಕೆಟ್ಟು ನಿಂತದ್ದು. ಅದರಲ್ಲಿ ರೋಗಾಣುವಿನ ಲಕ್ಷಣಗಳಿಲ್ಲ. ಕವಲುಕೋಶ ಅದರ ಚೂರನ್ನು ಒಯ್ದರೂ ಎರಡನೆಯ ಗುರುತಿಲ್ಲದೆ ಒಯ್ಯುವುದೇ ಹೆಚ್ಚು. ಟಿ ಕೋಶಗಳು ಅದನ್ನು ನಮ್ಮವನೆಂದೇ ಬಗೆದು ಸುಮ್ಮನಾಗುತ್ತವೆ. ಹಾಗಾದರೆ ರೋಗಿಯ ಕವಲುಕೋಶಗಳನ್ನು ಹೊರಕ್ಕೆ ತೆಗೆದು, ಪ್ರಯೋಗಶಾಲೆಯಲ್ಲಿ ಕ್ಯಾನ್ಸರಿನ ಚೂರು ಉಣಿಸಿ, ಕೃತಕವಾಗಿ ಎಚ್ಚರಿಸಿ, ಮತ್ತೆ ಮೈಗೆ ಸೇರಿಸಿದರೆ? ಸ್ಟೈನ್‌ಮನ್ ತಮ್ಮ ಜೀವನದ ಉತ್ತರಾರ್ಧವನ್ನು ಸವೆಸಿದ್ದು ಈ ಬಗೆಯ ವಿಚಾರಗಳಲ್ಲಿಯೇ. ಇದೇ ತತ್ತ್ವದ ಒಂದು ಚಿಕಿತ್ಸೆಗೆ 2010ರಲ್ಲಿ ಅಮೆರಿಕದ ಸರ್ಕಾರ ಒಪ್ಪಿಗೆ ಕೊಟ್ಟಿತು. ಪ್ರಾಸ್ಟೇಟ್ ಗ್ರಂಥಿಯ ಮುಂದುವರಿದ ಕ್ಯಾನ್ಸರಿನಲ್ಲಿ ಅದು ಆಯುಷ್ಯವನ್ನು ಸರಾಸರಿ ನಾಲ್ಕು ತಿಂಗಳಷ್ಟು ಹೆಚ್ಚಿಸಿತು. ಪತ್ರಿಕೆಗಳು ಆಗಾಗ ಸಾರುವಂಥ ಸಂಜೀವಿನಿ ಇದಲ್ಲ.

2007ರಲ್ಲಿ ಸ್ಟೈನ್‌ಮನ್ನರಿಗೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅದು ಹಬ್ಬಿದ ಮೇಲೆ ಒಂದು ವರ್ಷ ಬದುಕುವವರೇ ಕಡಿಮೆ. ಅವರು ಶಸ್ತ್ರಚಿಕಿತ್ಸೆಯನ್ನೂ ಔಷಧಗಳನ್ನೂ ಪಡೆದರು. ಅದರ ಜೊತೆಗೆ ಲೋಕದ ನಾನಾ ಕಡೆಯ ಮಿತ್ರವಿಜ್ಞಾನಿಗಳ ನೆರವಿನಿಂದ ತಮ್ಮದೇ ಗೆಡ್ಡೆಯ ಅಂಶವನ್ನು ತಮ್ಮದೇ ಕವಲುಕೋಶಗಳಿಗೆ ಉಣಿಸಿ, ಲಸಿಕೆಯಾಗಿ ತೆಗೆದುಕೊಂಡರು. ಪ್ರಯೋಗಶಾಲೆಯ ಕೆಲಸವನ್ನು ಬಿಡಲಿಲ್ಲ. ನಾಲ್ಕೂವರೆ ವರ್ಷ ಬದುಕಿದರು. ಆ ವರ್ಷಗಳನ್ನು ಕೊಟ್ಟದ್ದು ಕವಲುಕೋಶವೋ, ಶಸ್ತ್ರವೋ, ಔಷಧವೋ? ಒಬ್ಬನೇ ರೋಗಿಯ ಮೇಲೆ ನಡೆದ ಪ್ರಯೋಗ ಇದಕ್ಕೆ ಉತ್ತರ ಕೊಡಲಾರದು; ಇದು ಅವರಿಗಿಂತ ಚೆನ್ನಾಗಿ ಮತ್ತಾರಿಗೂ ತಿಳಿದಿರಲಾರದು.

2011ರ ಅಕ್ಟೋಬರ್ 3, ಸೋಮವಾರ. ಆ ವರ್ಷದ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಸ್ಟಾಕ್‌ಹೋಮಿನಲ್ಲಿ ಸಾರಿದರು. ಅರ್ಧ ಭಾಗ ಅಪಾಯದ ಅಂಗಗಳನ್ನು ಕಂಡುಹಿಡಿದ ಹಾಫ್‌ಮನ್ ಮತ್ತು ಬ್ಯೂಟ್ಲರರಿಗೆ, ಇನ್ನರ್ಧ ಸ್ಟೈನ್‌ಮನ್ನರಿಗೆ. ಆದರೆ ಸ್ಟೈನ್‌ಮನ್ ಮೂರು ದಿನಗಳ ಹಿಂದೆ, ಸೆಪ್ಟೆಂಬರ್ 30ರ ಶುಕ್ರವಾರ, ಅರವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಆ ಸುದ್ದಿ ಪಾರಿತೋಷಕದ ಸಮಿತಿಗೆ ಮುಟ್ಟಿರಲಿಲ್ಲ. ಸತ್ತವರಿಗೆ ನೊಬೆಲ್ ಕೊಡಕೂಡದೆಂದು 1974ರಿಂದ ಕಟ್ಟುನಿಟ್ಟಾದ ನಿಯಮವಿದೆ. ಘೋಷಣೆಯಾದ ಮೇಲೆ ಸತ್ತರೆ ಮಾತ್ರ ಅದು ಅನ್ವಯಿಸುವುದಿಲ್ಲ. ಪ್ರತಿಷ್ಠಾನದವರು ಅದೇ ದಿನ ಸಭೆ ಸೇರಿ, ಆತ ಬದುಕಿದ್ದಾರೆಂಬ ಪ್ರಾಮಾಣಿಕವಾದ ನಂಬಿಕೆಯಿಂದ ಮಾಡಿದ ತೀರ್ಮಾನವಾದ್ದರಿಂದ ಅದು ಹಾಗೆಯೇ ನಿಲ್ಲಬೇಕೆಂದು ಗೊತ್ತುಮಾಡಿದರು. ಡಿಸೆಂಬರ್ 10ರಂದು ಸ್ವೀಡನ್ನಿನ ದೊರೆಯ ಕೈಯಿಂದ ಅದನ್ನು ಸ್ವೀಕರಿಸಿದವರು ಅವರ ಪತ್ನಿ ಕ್ಲಾಡಿಯಾ.